ಋಣಭಾರವಿರುವ ಜಮೀನು ಮಾರಾಟವಾದಾಗ ಸಾಲ ನೀಡಿದವರಿಗೆ ಇರುವ ಪರಿಹಾರಗಳು

ಸಾರ್ವಜನಿಕರ ಮಾಹಿತಿಗಾಗಿ

ಸಾಲಕ್ಕೆ ಭದ್ರತೆಯಾಗಿ ತೋರಿಸಿದ ಜಮೀನನ್ನು ಸಾಲ ತೀರುವುದಕ್ಕೆ ಮುಂಚೆಯೇ ಮೂರನೆಯವರಿಗೆ ಮಾರಿದಲ್ಲಿ, ಸಾಲ ನೀಡಿದ ಸಂಘ, ಬ್ಯಾಂಕು ಅಥವಾ ವ್ಯಕ್ತಿಯು ಯಾರನ್ನು ಹಿಡಿಯಬೇಕು, ಯಾವ ಕಚೇರಿಗೆ ಹೋಗಬೇಕು ಎಂಬ ಪ್ರಶ್ನೆ ಉದ್ಭವಿಸುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಇಲ್ಲಿನ ಕಪ್ಪು ಮಣ್ಣಿನ ಹೊಲಗಳಲ್ಲಿ ತೊಗರಿ ಬೆಳೆಯುವ ಬಹುಪಾಲು ರೈತರು ಬೆಳೆಸಾಲ ಪಡೆದವರೇ ಆಗಿರುತ್ತಾರೆ. ಅದೇ ಹೊಲದ ಕೆಳಗೆ ಸುಣ್ಣಕಲ್ಲು ಇರುವುದರಿಂದ ವಾಡಿ, ಮಳಖೇಡ, ಸೇಡಂ, ಕೋಡ್ಲಾ-ಬೆಂಕನಹಳ್ಳಿ ಪರಿಸರದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಕಾರ್ಖಾನೆ ಬಂದ ಕಡೆ ಜಮೀನಿನ ಬೆಲೆ ಏರುತ್ತದೆ, ಬೆಲೆ ಏರಿದ ಕಡೆ ಕ್ರಯಪತ್ರಗಳು ಅವಸರದಲ್ಲಿ ಆಗುತ್ತವೆ. ಸಾಲದ ಲೆಕ್ಕ ಹಿಂದೆ ಉಳಿಯುತ್ತದೆ.

ಬ್ಯಾಂಕಿನವರು ಚಾರ್ಜ್ ಎಂದು ಕರೆಯುವ, ಈ ಭಾಗದ ರೈತರು ಪಹಣಿಯ ಮೇಲಿನ ಬೋಜಾ ಎಂದು ಕರೆಯುವ ಋಣಭಾರದ ಕಾನೂನಿನ ಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯ. ಮುಂದಿನ ಎಲ್ಲ ಪರಿಹಾರಗಳೂ ಅದನ್ನೇ ಅವಲಂಬಿಸಿವೆ.

ಅಡಮಾನವೂ ಋಣಭಾರವೂ ಒಂದೇ ಅಲ್ಲ

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 58ನೇ ಪ್ರಕರಣದ ಪ್ರಕಾರ ಅಡಮಾನವೆಂದರೆ ಸಾಲದ ಭದ್ರತೆಗಾಗಿ ಸ್ಥಿರ ಸ್ವತ್ತಿನಲ್ಲಿರುವ ಒಂದು ಹಿತಾಸಕ್ತಿಯನ್ನೇ ಸಾಲ ನೀಡಿದವರಿಗೆ ವರ್ಗಾಯಿಸುವುದು. ಹೀಗೆ ವರ್ಗಾವಣೆಯಾದ ಹಿತಾಸಕ್ತಿಯನ್ನು ಮಾಲೀಕನು ಪುನಃ ಬೇರೊಬ್ಬರಿಗೆ ಮಾರಲಾರನು. ತನ್ನಲ್ಲಿ ಉಳಿದಿರುವುದನ್ನು ಮಾತ್ರ ಮಾರಬಲ್ಲನು. ಆದ್ದರಿಂದ ಅಡಮಾನವು ಸ್ವತ್ತಿನ ಜೊತೆಯಲ್ಲಿಯೇ ಸಾಗುತ್ತದೆ. ಕೊಂಡವರಿಗೆ ತಿಳಿದಿರಲಿಲ್ಲ ಎಂಬ ಒಂದೇ ಕಾರಣದಿಂದ ಅದು ಅಳಿಯುವುದಿಲ್ಲ.

ಇದೇ ಅಧಿನಿಯಮದ 100ನೇ ಪ್ರಕರಣದಲ್ಲಿ ಹೇಳಿರುವ ಋಣಭಾರದ ಸ್ವರೂಪ ಬೇರೆ. ಪಕ್ಷಕಾರರ ಕೃತ್ಯದಿಂದಾಗಲಿ ಕಾನೂನಿನ ಬಲದಿಂದಾಗಲಿ ಒಬ್ಬರ ಸ್ಥಿರ ಸ್ವತ್ತು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರವು ಅಡಮಾನದ ಮಟ್ಟಕ್ಕೆ ಬಾರದಿದ್ದರೆ ಅದು ಋಣಭಾರ. ಇಲ್ಲಿ ಸ್ವತ್ತಿನ ಯಾವ ಹಿತಾಸಕ್ತಿಯೂ ವರ್ಗಾವಣೆಯಾಗಿರುವುದಿಲ್ಲ. ಆ ಸ್ವತ್ತಿನಿಂದ ಹಣ ವಸೂಲು ಮಾಡಿಕೊಳ್ಳುವ ಹಕ್ಕು ಮಾತ್ರ ಇರುತ್ತದೆ. ಈ ಕಾರಣದಿಂದಲೇ 100ನೇ ಪ್ರಕರಣವು ಒಂದು ಮುಖ್ಯ ವಿನಾಯಿತಿಯನ್ನು ನೀಡಿದೆ. ಪ್ರತಿಫಲ ಕೊಟ್ಟು, ಋಣಭಾರದ ಸೂಚನೆ ಇಲ್ಲದೆ ಸ್ವತ್ತನ್ನು ಪಡೆದವರ ವಿರುದ್ಧ, ಬೇರೆ ಯಾವುದೇ ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಿದ ಹೊರತು, ಋಣಭಾರವನ್ನು ಜಾರಿಗೊಳಿಸತಕ್ಕದ್ದಲ್ಲ.

ಸಾಲ ನೀಡಿದವರ ಗೆಲುವು ಸೋಲು ಬಹುತೇಕ ಈ ಒಂದು ವಾಕ್ಯದ ಮೇಲೆ ನಿಂತಿದೆ.

ಸೂಚನೆ ಎಂದರೇನು

ಕೊಂಡವರ ಕಿವಿಗೆ ಯಾರಾದರೂ ಹೇಳಿರಲೇಬೇಕು ಎಂದಿಲ್ಲ. 3ನೇ ಪ್ರಕರಣದ ಪ್ರಕಾರ, ವಿಚಾರಿಸಬೇಕಾದುದನ್ನು ಬೇಕೆಂದೇ ವಿಚಾರಿಸದೆ ಬಿಟ್ಟವರಿಗೆ ಅಥವಾ ಘೋರ ಅಲಕ್ಷ್ಯ ತೋರಿದವರಿಗೆ ಸಂಗತಿಯು ತಿಳಿದಿತ್ತೆಂದೇ ಭಾವಿಸಲಾಗುತ್ತದೆ. ನೋಂದಣಿ ಮಾಡಿಸಲೇಬೇಕಾದ ಪತ್ರವು ನೋಂದಣಿಯಾಗಿದ್ದಲ್ಲಿ, ಆ ನೋಂದಣಿಯೇ ಮುಂದೆ ಸ್ವತ್ತನ್ನು ಪಡೆಯುವ ಎಲ್ಲರಿಗೂ ಸೂಚನೆಯಾಗುತ್ತದೆ. ಪಹಣಿಯ 11ನೇ ಅಂಕಣದಲ್ಲಿ ಸಾಲದ ನಮೂದು ಇದ್ದರೆ, ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದ ಮೇರೆಗೆ ಅದು ಸುಳ್ಳೆಂದು ರುಜುವಾತಾಗುವವರೆಗೆ ಸತ್ಯವೆಂದು ಪರಿಗಣಿಸಲ್ಪಡುತ್ತದೆ. ಭೂಮಿ ಯೋಜನೆಯಡಿ ಪಹಣಿ ಗಣಕೀಕರಣಗೊಂಡು ಯಾರು ಬೇಕಾದರೂ ಪ್ರತಿ ಪಡೆಯಬಹುದಾದ ಮೇಲೆ, ತಾನು 11ನೇ ಅಂಕಣ ನೋಡಲಿಲ್ಲ ಎಂಬ ಹೇಳಿಕೆಗೆ ಹೆಚ್ಚು ಬೆಲೆ ಸಿಗುವುದು ಕಷ್ಟ.

ನಮೂದೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ನಿದರ್ಶನವಾಗಿವೆ. ಮೊದಲನೆಯದು 1971ರ ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣ. ಹಿಂದಿನ ಮಾಲೀಕನು ಉಳಿಸಿದ್ದ ಆಸ್ತಿ ತೆರಿಗೆಗೆ ಆ ಕಟ್ಟಡದ ಮೇಲೆ ಕಾನೂನಿನಿಂದಲೇ ಋಣಭಾರವಿತ್ತು. ಆದರೆ ಹರಾಜಿನಲ್ಲಿ ಕೊಂಡವರಿಗೆ ಅದರ ಸೂಚನೆ ಇರಲಿಲ್ಲವಾಗಿ ಪಾಲಿಕೆಯು ಆ ಸ್ವತ್ತಿನ ಮೇಲೆ ಕೈಮಾಡುವಂತಿಲ್ಲ ಎಂದು ತೀರ್ಮಾನವಾಯಿತು. ಎರಡನೆಯದು ನಮ್ಮ ರಾಜ್ಯದ್ದೇ ಆದ, 2006ರಲ್ಲಿ ತೀರ್ಪಾದ ಕರ್ನಾಟಕ ರಾಜ್ಯ ಮತ್ತು ಶ್ರೇಯಸ್ ಪೇಪರ್ಸ್ ನಡುವಿನ ಪ್ರಕರಣ. ಸುಸ್ತಿದಾರ ಘಟಕವೊಂದರ ಆಸ್ತಿಯನ್ನು ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯು ತನ್ನ ಸಾಲದ ವಸೂಲಿಗಾಗಿ ಮಾರಿತು. ಆ ಘಟಕವು ಬಾಕಿ ಉಳಿಸಿದ್ದ ಮಾರಾಟ ತೆರಿಗೆಯನ್ನು ಸರ್ಕಾರವು ಕೊಂಡ ಕಂಪನಿಯಿಂದ ಕೇಳಿತು. ಕೊಂಡವರಿಗೆ ಋಣಭಾರದ ಸೂಚನೆ ಇರಲಿಲ್ಲ, ಸೂಚನೆ ಅನಾವಶ್ಯಕವೆಂದು ಹೇಳುವ ಕಾನೂನೂ ಇಲ್ಲ ಎಂಬ ಕಾರಣದಿಂದ ಸರ್ಕಾರದ ವಾದವು ನಿಲ್ಲಲಿಲ್ಲ. ಸರ್ಕಾರಕ್ಕೇ ಇಲ್ಲದ ರಿಯಾಯಿತಿ ಖಾಸಗಿ ಸಾಲದಾತರಿಗೆ ದೊರೆಯುವುದಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸಹಕಾರ ಸಂಘ ಮತ್ತು ಬ್ಯಾಂಕುಗಳ ವಿಶೇಷ ಸ್ಥಾನ

ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಮೇರೆಗೆ, ಕೃಷಿ ಸಾಲ ಪಡೆಯುವ ಸದಸ್ಯನು ತನ್ನ ಜಮೀನಿನ ಮೇಲೆ ಸಂಘದ ಪರವಾಗಿ ಋಣಭಾರ ಸೃಷ್ಟಿಸುವ ಘೋಷಣೆಯನ್ನು ಬರೆದುಕೊಡುತ್ತಾನೆ. ಸಾಲವು ಬಡ್ಡಿ ಸಮೇತ ತೀರುವವರೆಗೆ ಆ ಜಮೀನನ್ನು ಪರಭಾರೆ ಮಾಡುವಂತಿಲ್ಲ. ಮಾಡಿದಲ್ಲಿ ಆ ಪರಭಾರೆಯನ್ನು ಕಾನೂನು ಅನೂರ್ಜಿತವೆಂದು ಪರಿಗಣಿಸುತ್ತದೆ. ಬೆಳೆಯ ಮೇಲೆಯೂ, ಸರ್ಕಾರದ ಭೂಕಂದಾಯಕ್ಕೆ ಒಳಪಟ್ಟು, ಸಂಘಕ್ಕೆ ಮೊದಲ ಹಕ್ಕಿದೆ.

ವಾಣಿಜ್ಯ ಬ್ಯಾಂಕುಗಳಿಗೆ ಇಂತಹ ಸೌಲಭ್ಯ ಮೊದಲು ಇರಲಿಲ್ಲ. 1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಅವು ಕೃಷಿ ಸಾಲಕ್ಕೆ ಇಳಿದಾಗ, ಪ್ರತಿ ರೈತನಿಂದಲೂ ಅಡಮಾನ ಪತ್ರ ಬರೆಸಿ ನೋಂದಣಿ ಮಾಡಿಸುವುದು ಖರ್ಚಿನ ಮತ್ತು ವಿಳಂಬದ ಕೆಲಸವಾಯಿತು. ರಿಸರ್ವ್ ಬ್ಯಾಂಕು ನೇಮಿಸಿದ ಆರ್.ಕೆ. ತಲ್ವಾರ್ ಅವರ ನೇತೃತ್ವದ ತಜ್ಞರ ತಂಡವು ಇದಕ್ಕಾಗಿ ಮಾದರಿ ಮಸೂದೆಯನ್ನು ಸೂಚಿಸಿತು. ಅದರ ಜಾಡಿನಲ್ಲಿಯೇ ಕರ್ನಾಟಕ ಕೃಷಿ ಸಾಲ ವ್ಯವಹಾರಗಳು ಮತ್ತು ಸಂಕೀರ್ಣ ಉಪಬಂಧಗಳ ಅಧಿನಿಯಮ, 1974 ಬಂದಿತು. ಇದರಂತೆ ರೈತನು ನಿಗದಿತ ನಮೂನೆಯಲ್ಲಿ ಘೋಷಣೆ ನೀಡಿದರೆ ಸಾಕು, ಬ್ಯಾಂಕಿನ ಪರವಾಗಿ ಋಣಭಾರ ಉಂಟಾಗುತ್ತದೆ. ಘೋಷಣೆಯ ಪ್ರತಿಯನ್ನು ಬ್ಯಾಂಕು ಉಪ ನೋಂದಣಾಧಿಕಾರಿಗೆ ಕಳುಹಿಸಿದಾಗ ಅದು ನೋಂದಣಿಯಾದ ಪತ್ರಕ್ಕೆ ಸಮನಾಗುತ್ತದೆ. ತಹಶೀಲ್ದಾರರಿಗೆ ಮಾಹಿತಿ ನೀಡಿ ಪಹಣಿಯಲ್ಲಿ ನಮೂದಿಸಲೂ ಅವಕಾಶವಿದೆ. ಇತ್ತೀಚಿನ ವರ್ಷಗಳಲ್ಲಿ ಫ್ರೂಟ್ಸ್ ತಂತ್ರಾಂಶದ ಮೂಲಕ ಈ ಕೆಲಸವು ವಿದ್ಯುನ್ಮಾನ ರೂಪದಲ್ಲಿ ನಡೆಯುತ್ತಿದೆ.

ಆದರೆ ಘೋಷಣೆಯನ್ನು ಪಡೆದು ಕಡತದಲ್ಲಿ ಇಟ್ಟುಕೊಂಡು, ಉಪ ನೋಂದಣಾಧಿಕಾರಿಗೂ ಕಳುಹಿಸದೆ ಪಹಣಿಯಲ್ಲಿಯೂ ನಮೂದಿಸದೆ ಬಿಟ್ಟ ಸಂಸ್ಥೆಯು, ಕಾನೂನು ಕೊಟ್ಟ ಅನುಕೂಲವನ್ನು ತಾನೇ ಕೈಬಿಟ್ಟಂತೆ. ಭದ್ರತೆಯುಳ್ಳ ಸಾಲವೆಂದು ಲೆಕ್ಕಪುಸ್ತಕದಲ್ಲಿ ತೋರಿಸಿದ ಮಾತ್ರಕ್ಕೆ ಅದು ಕೊಂಡವರ ಎದುರಿನಲ್ಲಿ ಭದ್ರತೆಯಾಗಿ ನಿಲ್ಲುವುದಿಲ್ಲ. ವಸೂಲಿ ಕ್ರಮಗಳು ವಿಫಲವಾಗುವುದು ನ್ಯಾಯಾಲಯದಲ್ಲಿ ಎನ್ನುವುದಕ್ಕಿಂತ ಸಾಲ ಮಂಜೂರಾದ ವಾರದಲ್ಲಿಯೇ ಎನ್ನುವುದು ಸರಿ.

ಮಾರಾಟವಾದ ಮೇಲೆ ವಸೂಲಿ ಹೇಗೆ

ವಿಷಯವನ್ನು ಒಂದು ಕಾಲ್ಪನಿಕ ಲೆಕ್ಕದ ಮೂಲಕ ನೋಡಬಹುದು. ಒಬ್ಬ ರೈತನಿಗೆ 6 ಎಕರೆ ಜಮೀನಿದೆ. ಪೂರ್ತಿ ಜಮೀನಿನ ಮೇಲೆ ಋಣಭಾರ ಸೃಷ್ಟಿಸಿ 3,00,000 ರೂ. ಸಾಲ ಪಡೆದಿದ್ದಾನೆ. ಬಡ್ಡಿ ಸೇರಿ ಬಾಕಿ 4,60,000 ರೂ. ಆಗಿದೆ. ಈ ಮಧ್ಯೆ 4 ಎಕರೆಯನ್ನು ಮಾರಿದ್ದಾನೆ. ಋಣಭಾರವು ಪಹಣಿಯಲ್ಲಿ ನಮೂದಾಗಿತ್ತು.

ಇಲ್ಲಿ ಸಾಲ ನೀಡಿದ ಸಂಸ್ಥೆಯು 6 ಎಕರೆಯ ಮೇಲೂ ತನ್ನ ಹಕ್ಕನ್ನು ಉಳಿಸಿಕೊಂಡಿರುತ್ತದೆ. ಕೊಂಡವರು ಸ್ವಂತವಾಗಿ ಸಾಲಕ್ಕೆ ಹೊಣೆಗಾರರಾಗುವುದಿಲ್ಲ. ಅವರ ಮನೆ, ಬ್ಯಾಂಕ್ ಖಾತೆ, ಬೇರೆ ಹೊಲ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಆದರೆ ಕೊಂಡ 4 ಎಕರೆ ಹೊಣೆಯಾಗಿಯೇ ಉಳಿಯುತ್ತದೆ. ಆಗ ಕೊಂಡವರು 56ನೇ ಪ್ರಕರಣದ ಆಧಾರದ ಮೇಲೆ, ತಮಗೆ ಮಾರದೆ ಉಳಿದಿರುವ 2 ಎಕರೆಯನ್ನು ಮೊದಲು ಹರಾಜು ಮಾಡಿ ಎಂದು ಕೋರಬಹುದು. ಆ 2 ಎಕರೆಗೆ 3,50,000 ರೂ. ಬಂದರೆ ಉಳಿದ 1,10,000 ರೂ. ಮಾತ್ರ ಕೊಂಡವರ ಜಮೀನಿನಿಂದ ವಸೂಲಾಗಬೇಕು. ಆ ಮೊತ್ತವನ್ನು ಅವರು ತಾವಾಗಿಯೇ ಕಟ್ಟಿ ಜಮೀನನ್ನು ಬಿಡಿಸಿಕೊಳ್ಳಬಹುದು, ಕಟ್ಟಿದ ಹಣವನ್ನು ಮಾರಿದವನಿಂದ ಕೇಳಬಹುದು. ಸಾಲ ನೀಡಿದವರ ಹಕ್ಕಿಗೆ ಧಕ್ಕೆಯಾಗದಂತೆ ಮಾತ್ರ ಈ ಕೋರಿಕೆ ನಡೆಯುತ್ತದೆ. ಎಲ್ಲ ಜಮೀನು ಮಾರಿದ ಮೇಲೂ ಬಾಕಿ ಉಳಿದರೆ ಅದಕ್ಕೆ ಸಾಲ ಪಡೆದವನೇ ಸ್ವಂತ ಹೊಣೆಗಾರ.

ವಸೂಲಿಯ ದಾರಿಯು ಸಾಲ ನೀಡಿದವರು ಯಾರು ಎಂಬುದರ ಮೇಲೆ ಬೇರೆಯಾಗುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಾದರೆ 1959ರ ಅಧಿನಿಯಮದ 70ನೇ ಪ್ರಕರಣದಡಿ ನಿಬಂಧಕರ ಮುಂದೆ ದಾವೆ ಸಲ್ಲಿಸಿ ತೀರ್ಪು ಪಡೆಯಬಹುದು. ಸದಸ್ಯನ ಮೂಲಕ ಹಕ್ಕು ಸಾಧಿಸುವ ವ್ಯಕ್ತಿಯೂ ಆ ಪ್ರಕರಣದ ವ್ಯಾಪ್ತಿಗೆ ಬರುವುದರಿಂದ, ಜಮೀನು ಕೊಂಡವರನ್ನೂ ಎದುರುದಾರರನ್ನಾಗಿ ಸೇರಿಸುವುದು ಅವಶ್ಯ. ಅವರನ್ನು ಬಿಟ್ಟು, ಮಾರಿದವನೊಬ್ಬನ ಮೇಲೆ ತೀರ್ಪು ಪಡೆದು ಹರಾಜಿಗೆ ಹೋದರೆ ಕೊಂಡವರು ಬಂದು ತಕರಾರು ಹಾಕುತ್ತಾರೆ, ಹರಾಜು ನಿಲ್ಲುತ್ತದೆ, ವರ್ಷಗಳು ಹೋಗುತ್ತವೆ.

ಬ್ಯಾಂಕುಗಳು 1974ರ ಅಧಿನಿಯಮದಡಿ ಗೊತ್ತುಪಡಿಸಿದ ಅಧಿಕಾರಿಗೆ ಅರ್ಜಿ ಸಲ್ಲಿಸಿ, ಋಣಭಾರವುಳ್ಳ ಜಮೀನನ್ನು ಮಾರಿ ಬಾಕಿ ತುಂಬಿಕೊಳ್ಳುವ ಆದೇಶವನ್ನು ಕೋರಬಹುದು. ರೂಢಿಯಲ್ಲಿ ಇದು ಉಪ ವಿಭಾಗದ ಸಹಾಯಕ ಆಯುಕ್ತರ ಮುಂದೆ ನಡೆಯುತ್ತದೆ. ಕೋಡ್ಲಾದವರಿಗೆ ಆ ಕಚೇರಿ ಸೇಡಂನಲ್ಲಿಯೇ ಇದೆ. ಸಂಬಂಧಪಟ್ಟವರಿಗೆ ನೋಟೀಸು ನೀಡದೆ ಆದೇಶ ಮಾಡುವಂತಿಲ್ಲ.

ಬ್ಯಾಂಕುಗಳ ಬಳಿ 2002ರ ಸರ್ಫೇಸಿ ಅಧಿನಿಯಮ ಇದೆಯಲ್ಲ ಎಂದು ಹಲವರು ಕೇಳುವುದುಂಟು. ನ್ಯಾಯಾಲಯಕ್ಕೆ ಹೋಗದೆಯೇ ಸ್ವತ್ತನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಅದು ನೀಡುತ್ತದೆ ನಿಜ. ಅದರಡಿ 60 ದಿನಗಳ ನೋಟೀಸು ತಲುಪಿದ ಮೇಲೆ ಸಾಲ ಪಡೆದವರು ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಸ್ವತ್ತನ್ನು ಮಾರುವಂತೆಯೂ ಇಲ್ಲ. ಆದರೆ ಕೃಷಿ ಜಮೀನಿಗೆ ಆ ಅಧಿನಿಯಮವೇ ಅನ್ವಯಿಸುವುದಿಲ್ಲ ಎಂದು 31ನೇ ಪ್ರಕರಣದಲ್ಲಿ ಹೇಳಿದೆ. ಜಮೀನು ಕೃಷಿಯದೋ ಅಲ್ಲವೋ ಎಂಬುದನ್ನು ಕಂದಾಯ ದಾಖಲೆಯ ಹೆಸರಿನಿಂದಷ್ಟೇ ಅಲ್ಲದೆ ವಾಸ್ತವ ಉಪಯೋಗವನ್ನೂ ನೋಡಿ ತೀರ್ಮಾನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದೆ. ಬಿನ್‌ಶೇತ್ಕಿ ಆಗಿ ಗೋದಾಮು ಅಥವಾ ಕಲ್ಲು ಪಾಲಿಶ್ ಘಟಕ ಎದ್ದಿರುವ ನಿವೇಶನಕ್ಕೆ ಈ ಅಧಿನಿಯಮ ಅನ್ವಯಿಸಬಹುದು. ತೊಗರಿ ನಿಂತಿರುವ ಹೊಲಕ್ಕೆ ಇಲ್ಲ.

ಖಾಸಗಿಯಾಗಿ ನೋಂದಾಯಿತ ಪತ್ರದ ಮೂಲಕ ಸಾಲ ಕೊಟ್ಟವರಿಗೆ ಸಿವಿಲ್ ನ್ಯಾಯಾಲಯವೇ ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 34 ಅಡಮಾನದ ದಾವೆಗಳಿಗೆ ಸಂಬಂಧಿಸಿದ್ದು, ಅದರ 15ನೇ ನಿಯಮದಿಂದ ಋಣಭಾರಕ್ಕೂ ಅನ್ವಯವಾಗುತ್ತದೆ. ಜಮೀನು ಇರುವ ಸ್ಥಳದ ನ್ಯಾಯಾಲಯದಲ್ಲಿ, ಸ್ವತ್ತಿನಲ್ಲಿ ಹಿತಾಸಕ್ತಿ ಇರುವ ಎಲ್ಲರನ್ನೂ ಸೇರಿಸಿ ದಾವೆ ಹೂಡಬೇಕು. ಮೊದಲು ಪ್ರಾಥಮಿಕ ಡಿಕ್ರಿ ಆಗಿ ಹಣ ಕಟ್ಟಲು ಕಾಲಾವಕಾಶ ಸಿಗುತ್ತದೆ, ಕಟ್ಟದಿದ್ದರೆ ಮಾರಾಟದ ಅಂತಿಮ ಡಿಕ್ರಿ ಆಗುತ್ತದೆ. ಕಾಲಮಿತಿ ಅಧಿನಿಯಮ, 1963ರ 62ನೇ ಅನುಚ್ಛೇದದ ಪ್ರಕಾರ ಹಣ ಸಲ್ಲಬೇಕಾದ ದಿನದಿಂದ 12 ವರ್ಷಗಳೊಳಗೆ ದಾವೆ ಹೂಡಬಹುದು. ಇದು ಸ್ವತ್ತಿನಿಂದ ವಸೂಲು ಮಾಡುವ ದಾವೆಗೆ ಮಾತ್ರ ಇರುವ ಅವಧಿ. ಸಾಲ ಪಡೆದವನ ಮೇಲಿನ ಸ್ವಂತ ಹೊಣೆಯ ದಾವೆಗೆ ಸಾಮಾನ್ಯವಾಗಿ 3 ವರ್ಷ ಮಾತ್ರ. ದಾವೆ ನಡೆಯುತ್ತಿರುವಾಗ ಜಮೀನು ಮತ್ತೊಮ್ಮೆ ಕೈಬದಲಾದರೆ 52ನೇ ಪ್ರಕರಣದ ಮೇರೆಗೆ ಹೊಸದಾಗಿ ಕೊಂಡವರೂ ತೀರ್ಪಿಗೆ ಬದ್ಧರಾಗುತ್ತಾರೆ.

ಹಕ್ಕು ಬದಲಾವಣೆಯನ್ನು ತಡೆಯುವುದು ಪರಿಹಾರವೇ

ಕ್ರಯಪತ್ರವಾದ ಸುದ್ದಿ ತಿಳಿದೊಡನೆ ಸಂಘದ ಕಾರ್ಯದರ್ಶಿಯು ತಹಶೀಲ್ದಾರರ ಕಚೇರಿಗೆ ಧಾವಿಸಿ ಹಕ್ಕು ಬದಲಾವಣೆಗೆ ತಕರಾರು ಸಲ್ಲಿಸುವುದು ಸಾಮಾನ್ಯವಾಗಿ ಕಂಡುಬರುತ್ತದೆ. ನೋಂದಣಿಯಾದ ಕ್ರಯದ ವರದಿಯು ಉಪ ನೋಂದಣಾಧಿಕಾರಿಯ ಕಚೇರಿಯಿಂದಲೇ ಕಂದಾಯ ಇಲಾಖೆಗೆ ಹೋಗುತ್ತದೆ, ತಕರಾರಿಗೆ ಅವಕಾಶವೂ ಇದೆ. ಆದರೆ ಪಹಣಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಋಣಭಾರವು ನಾಶವಾಗುವುದಿಲ್ಲ, ಬದಲಾಗದಿದ್ದ ಮಾತ್ರಕ್ಕೆ ಸಾಲವು ವಸೂಲಾಗುವುದೂ ಇಲ್ಲ. ಹೆಚ್ಚು ಉಪಯುಕ್ತವಾದ ಕೋರಿಕೆಯೆಂದರೆ ಹೊಸ ಮಾಲೀಕರ ಹೆಸರು ಬರುವಾಗ 11ನೇ ಅಂಕಣದ ನಮೂದು ಹಾಗೆಯೇ ಮುಂದುವರಿಯಲಿ ಎಂಬುದು. ಜಮೀನಿನ ಒಂದು ಭಾಗ ಮಾರಾಟವಾಗಿ ಪೋಡಿಯಾದಾಗ ಹೊಸ ಹಿಸ್ಸಾ ಸಂಖ್ಯೆಗಳು ಬರುತ್ತವೆ. ಪ್ರತಿಯೊಂದು ಹಿಸ್ಸಾದ ಪಹಣಿಯಲ್ಲಿಯೂ ನಮೂದು ಬಂದಿದೆಯೇ ಎಂದು ಸಂಸ್ಥೆಯು ಪರಿಶೀಲಿಸತಕ್ಕದ್ದು. ಒಂದು ಹಿಸ್ಸಾದಲ್ಲಿ ಅದು ಬಿಟ್ಟುಹೋದರೆ, ಅಲ್ಲಿಂದ ಮುಂದೆ ಕೊಳ್ಳುವವರು ಸೂಚನೆ ಇರಲಿಲ್ಲವೆಂದು ಹೇಳಲು ದಾರಿಯಾಗುತ್ತದೆ.

ಭದ್ರತೆಯೇ ಇಲ್ಲದೆ ಸಾಲ ಕೊಟ್ಟವರು

ಅಡತಿ ಅಂಗಡಿಯವರು, ಗೊಬ್ಬರ-ಬೀಜದ ವ್ಯಾಪಾರಿಗಳು, ನೆಂಟರಿಷ್ಟರು ಕೈಗಡವಾಗಿಯೋ ಪ್ರಾಮಿಸರಿ ನೋಟಿನ ಮೇಲೋ ಕೊಟ್ಟ ಹಣಕ್ಕೆ ಜಮೀನಿನ ಮೇಲೆ ಯಾವ ಋಣಭಾರವೂ ಇರುವುದಿಲ್ಲ. ಸಾಲ ಪಡೆದವನು ಜಮೀನು ಮಾರಿದರೆ ಅವರು ಜಮೀನಿನ ಹಿಂದೆ ಹೋಗಲಾರರು. ಮಾರಾಟವಾಗುವ ಮುಂಚೆಯೇ ದಾವೆ ಹೂಡಿ, ತೀರ್ಪನ್ನು ವಿಫಲಗೊಳಿಸುವ ಉದ್ದೇಶದಿಂದ ಆಸ್ತಿ ಮಾರುತ್ತಿದ್ದಾನೆಂದು ತೋರಿಸಿದರೆ, ಆದೇಶ 38ರ 5ನೇ ನಿಯಮದಡಿ ತೀರ್ಪಿಗೆ ಮುಂಚಿನ ಜಪ್ತಿಗೆ ಆದೇಶ ಪಡೆಯಬಹುದು. ಜಪ್ತಿಯ ನಂತರದ ಖಾಸಗಿ ಮಾರಾಟವು ಜಪ್ತಿದಾರರ ಹಕ್ಕಿನ ಮಟ್ಟಿಗೆ ಅನೂರ್ಜಿತ. ಮಾರಾಟವು ಆಗಿಹೋಗಿದ್ದರೆ ಸ್ವತ್ತು ವರ್ಗಾವಣೆ ಅಧಿನಿಯಮದ 53ನೇ ಪ್ರಕರಣ ಉಳಿಯುತ್ತದೆ. ಸಾಲ ಕೊಟ್ಟವರನ್ನು ವಂಚಿಸುವ ಅಥವಾ ವಿಳಂಬಗೊಳಿಸುವ ಉದ್ದೇಶದ ವರ್ಗಾವಣೆಯನ್ನು ಅವರ ಕೋರಿಕೆಯ ಮೇಲೆ ರದ್ದುಪಡಿಸಬಹುದು. ಅಣ್ಣನು ತಮ್ಮನಿಗೆ, ಮಾವನು ಅಳಿಯನಿಗೆ ಅಲ್ಪ ಬೆಲೆಗೆ ಬರೆದುಕೊಟ್ಟು ತಾನೇ ಉಳುಮೆ ಮುಂದುವರಿಸಿರುವಂತಹ ಸಂದರ್ಭಗಳು ಇದಕ್ಕೆ ಸೇರುತ್ತವೆ. ಆದರೆ ಸದ್ಭಾವನೆಯಿಂದ ಪೂರ್ಣ ಪ್ರತಿಫಲ ಕೊಟ್ಟು ಕೊಂಡವರಿಗೆ ಈ ಪ್ರಕರಣವೇ ರಕ್ಷಣೆ ನೀಡಿದೆ.

ಕೊಂಡವರ ಸ್ಥಿತಿ

ಮಾರುವವನು ಸ್ವತ್ತಿನಲ್ಲಿರುವ ದೋಷ ಮತ್ತು ಋಣಭಾರಗಳನ್ನು ತಿಳಿಸತಕ್ಕದ್ದು, ಋಣಭಾರಕ್ಕೆ ಒಳಪಟ್ಟು ಎಂದು ಬರೆಯದಿದ್ದಲ್ಲಿ ಅವುಗಳನ್ನು ತೀರಿಸತಕ್ಕದ್ದು ಎಂದು 55ನೇ ಪ್ರಕರಣ ಹೇಳುತ್ತದೆ. ಋಣಮುಕ್ತವೆಂದು ಮಾರಿದ ಜಮೀನಿಗೆ ಬೋಜಾ ಇರುವುದು ಹಣ ಕೊಡುವ ಮುಂಚೆ ಗೊತ್ತಾದರೆ, ಕೊಳ್ಳುವವರು ಕ್ರಯದ ಹಣದಲ್ಲಿ ಅಷ್ಟನ್ನು ಹಿಡಿದಿಟ್ಟು ನೇರವಾಗಿ ಸಾಲ ನೀಡಿದ ಸಂಸ್ಥೆಗೆ ಕಟ್ಟಬಹುದು. ಎಲ್ಲ ಪಕ್ಷಗಳಿಗೂ ಅತ್ಯಂತ ಕಡಿಮೆ ಖರ್ಚಿನ ದಾರಿ ಇದೇ. ಸಂಸ್ಥೆಗಳು ಇದಕ್ಕೆ ಅಡ್ಡಿಮಾಡದೆ ಬಾಕಿಯ ಲಿಖಿತ ಲೆಕ್ಕವನ್ನು ತಡವಿಲ್ಲದೆ ನೀಡುವುದು ಅವರ ಹಿತದೃಷ್ಟಿಯಿಂದಲೂ ಒಳ್ಳೆಯದು.

ಋಣಭಾರ ಪ್ರಮಾಣ ಪತ್ರವೊಂದನ್ನೇ ನಂಬುವವರು ಒಂದು ಅಂಶವನ್ನು ಗಮನಿಸಬೇಕು. ನೋಂದಣಿ ಕಚೇರಿಯ ದಾಖಲೆಗೆ ಬಂದ ವ್ಯವಹಾರಗಳು ಮಾತ್ರ ಅದರಲ್ಲಿ ಕಾಣುತ್ತವೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಮಾಡಿದ ಅಡಮಾನವು ಅದರಲ್ಲಿ ಇಲ್ಲದೆಯೂ ಇರಬಹುದು. ಮಾರುವವನು ಮೂಲ ಪತ್ರ ಕಳೆದುಹೋಗಿದೆ ಎಂದು ನಕಲು ತೋರಿಸಿದಲ್ಲಿ ವಿಚಾರಣೆ ಅಲ್ಲಿಂದಲೇ ಆರಂಭವಾಗಬೇಕು. 2011ರಿಂದ ಕಾರ್ಯನಿರ್ವಹಿಸುತ್ತಿರುವ ಸೆರ್ಸಾಯ್ ಕೇಂದ್ರೀಯ ನೋಂದಣಿಯಲ್ಲಿಯೂ ಹುಡುಕಬಹುದಾಗಿದೆ.

ಸಾಲವನ್ನು ಮರೆಮಾಚಿ, ಋಣಮುಕ್ತವೆಂದು ನಂಬಿಸಿ ಹಣ ಪಡೆದಿದ್ದಲ್ಲಿ ಅದು ವಂಚನೆಯ ಅಪರಾಧವೂ ಆಗಬಹುದು. 2024ರ ಜುಲೈ 1ರಿಂದ ಈಚಿನ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಪ್ರಕರಣ, ಅದಕ್ಕೂ ಹಿಂದಿನವುಗಳಿಗೆ ಭಾರತೀಯ ದಂಡ ಸಂಹಿತೆಯ 420ನೇ ಪ್ರಕರಣ ಅನ್ವಯವಾಗುತ್ತದೆ. ಪೊಲೀಸ್ ದೂರಿನಿಂದ ಸಾಲದ ಹಣ ತಾನಾಗಿ ಹಿಂದಿರುಗುವುದಿಲ್ಲ. ವಸೂಲಿ ಕ್ರಮವನ್ನು ಪ್ರತ್ಯೇಕವಾಗಿಯೇ ನಡೆಸಬೇಕಾಗುತ್ತದೆ.

ಜಮೀನು ಸ್ವಾಧೀನವಾದಾಗ

ಜಮೀನು ಮಾರಾಟವಾಗದೆ ರಸ್ತೆ, ರೈಲುಮಾರ್ಗ ಅಥವಾ ಕೈಗಾರಿಕೆಗಾಗಿ ಸರ್ಕಾರದಿಂದ ಸ್ವಾಧೀನವಾದರೆ, ಹರಾಜು ಮಾಡಲು ಜಮೀನೇ ಉಳಿದಿರುವುದಿಲ್ಲ. ಅಂತಹ ಸಂದರ್ಭದಲ್ಲಿ 73ನೇ ಪ್ರಕರಣದ ತತ್ವದಂತೆ ಸಾಲ ನೀಡಿದವರ ಹಕ್ಕು ಪರಿಹಾರದ ಹಣದ ಮೇಲೆ ಬರುತ್ತದೆ. ಪರಿಹಾರವು ರೈತನ ಖಾತೆಗೆ ಜಮೆಯಾಗಿ ಖರ್ಚಾದ ನಂತರ ಈ ಹಕ್ಕನ್ನು ಜಾರಿಗೊಳಿಸುವುದು ಕಷ್ಟಸಾಧ್ಯ. ಆದ್ದರಿಂದ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಕೂಡಲೇ ಸಂಸ್ಥೆಯು ತನ್ನ ಸದಸ್ಯರ ಸರ್ವೆ ನಂಬರುಗಳನ್ನು ಅಧಿಸೂಚನೆಯೊಡನೆ ತಾಳೆ ನೋಡಿ, ಪಹಣಿಯ ಪ್ರತಿ ಮತ್ತು ಬಾಕಿಯ ಲೆಕ್ಕದೊಂದಿಗೆ ಭೂಸ್ವಾಧೀನಾಧಿಕಾರಿಗೆ ಲಿಖಿತ ಹಕ್ಕುಕೋರಿಕೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಬಾಕಿಯನ್ನು ಕಳೆದು ಉಳಿದ ಪರಿಹಾರವು ಮಾಲೀಕರಿಗೆ ಸಲ್ಲುತ್ತದೆ. ಬಾಕಿ ತೀರಿದ ಮೇಲೆ ಬಾಕಿ ಇಲ್ಲದ ಪ್ರಮಾಣ ಪತ್ರ ನೀಡಿ, ಸ್ವಾಧೀನವಾಗದೆ ಉಳಿದ ಜಮೀನಿನ ಪಹಣಿಯಿಂದ ಬೋಜಾ ಕಡಿಮೆ ಮಾಡಿಸಲು ಕ್ರಮ ಕೈಗೊಳ್ಳುವುದು ಸಂಸ್ಥೆಯ ಕರ್ತವ್ಯವಾಗಿರುತ್ತದೆ.